ರಾಡಿಗೆ ಎಣ್ಣೆ ಹಚ್ಚಿದ ದಸರೆ

ಈ ಜಗತ್ತಿನಲ್ಲಿ ಯಾವುದೂ ತಾನೊಂದೇ ನಿಲ್ಲುವುದಿಲ್ಲ. ನಿಂತದ್ದೆಲ್ಲ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿರುತ್ತದೆ. ಇಂಥ ಮಾತು ಗಡ್ಡ ಬಿಟ್ಟವರ ಬಾಯಲ್ಲಿ ಬಂದರೆ ಶೋಭೆ. ನಾನು ಡಿಪ್ಲೊಮಾ ಹುಡುಗರಿಗೆ ಕಾಂಕ್ರೀಟು ಕಲಿಸಿ ನಿವೃತ್ತನಾದವನು. ಮೇಲಾಗಿ ಇದು ನನಗೆ ಹೊಳೆದದ್ದು ರಸ್ತೆ ಬದಿಯ ಗ್ಯಾರೇಜಿನಲ್ಲಿ, ಹರಿದ ಟಾಯರಿನ ಮೇಲೆ ಕೂತಾಗ.

ಮೊನ್ನೆ ನಮ್ಮೂರ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಕಾರ್ಖಾನೆ ನೋಡಿ ಬರುತ್ತಿದ್ದೆ. ಸ್ಕೂಟರು ಕೆಮ್ಮತೊಡಗಿತು. ಗ್ಯಾರೇಜಿನವನು ಅದರ ಹೊಟ್ಟೆಯ ಬೋಲ್ಟು ಬಿಚ್ಚಿ, ಒಳಗಿದ್ದ ಕಪ್ಪು ಎಣ್ಣೆಯನ್ನು ತಗಡಿನ ಡಬ್ಬಿಗೆ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲೇ ನನಗೆ ಸಿಟ್ಟು ಬಂತು. ಮುಖ ನೋಡಿ ಅವನು ಗಾಬರಿಯಾಗಿ, ಇನ್ನೇನು ಮುಗಿಯಿತು ಕಾಕಾ ಎಂದು ಕೈ ಚುರುಕು ಮಾಡಿದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಸುಟ್ಟ ಎಂಜಿನ್ ಎಣ್ಣೆಯ ವಾಸನೆ ಬಂದರೆ ನನಗೆ ಒಂದು ದಸರೆ ನೆನಪಾಗುತ್ತದೆ. ಆ ದಸರೆ ನೆನಪಾದರೆ ಸಿಟ್ಟು ಬರುತ್ತದೆ. ಡಾಕ್ಟರು ಸಿಟ್ಟು ಮಾಡಬಾರದು ಅಂದಿದ್ದಾರೆ. ಡಾಕ್ಟರು ಆ ಸ್ಲ್ಯಾಬು ನೋಡಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಒಂದು ಬಾಲವಾಡಿ ಇದೆ. ನಡೆಸುವವರು ಶಾಂತಾ ಅಕ್ಕೋರು. ಆಗ ಅದು ನಡೆಯುತ್ತಿದ್ದದ್ದು ಗುಡಿಯ ಪೌಳಿಯಲ್ಲಿ. ಮೂರು ಕಡೆ ಗೋಡೆ, ಒಂದು ಕಡೆ ದೇವರ ದಯೆ. ಗಾಳಿ ಆ ದಯೆಯ ಕಡೆಯಿಂದಲೇ ಬೀಸುತ್ತಿತ್ತು. ಮಳೆ ಬಂತೆಂದರೆ ಅಕ್ಕೋರು ಮಕ್ಕಳನ್ನು ಚಾಪೆ ಸಮೇತ ಒಳಗೋಡೆಗೆ ಎಳೆದು, ಕುರಿಮರಿಗಳ ಹಾಗೆ ಒತ್ತಿ ಕೂಡಿಸಿ, ತಾವು ಕೊಡೆ ಬಿಚ್ಚಿ ಮುಂದೆ ನಿಂತು ಅ ಆ ಇ ಈ ಹೇಳಿಕೊಡುತ್ತಿದ್ದರು. ಕೊಡೆ ಅವರ ತಲೆಯ ಮೇಲಿರುತ್ತಿರಲಿಲ್ಲ, ಮಕ್ಕಳ ಕಡೆ ವಾಲಿರುತ್ತಿತ್ತು.

ಇದನ್ನು ನೋಡಲಾರದೆ ಓಣಿಯ ಹಿರಿಯರು ಒಂದು ಕಟ್ಟಡ ಸಮಿತಿ ಮಾಡಿದರು. ಅಧ್ಯಕ್ಷರು ಅಡಿವೆಪ್ಪನವರು, ಮುಗದದಿಂದ ಬಂದು ಗೊಬ್ಬರದ ಅಂಗಡಿ ಹಾಕಿ ಬೆಳೆದವರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುವುದಿಲ್ಲ. ನನ್ನನ್ನು ತಾಂತ್ರಿಕ ಸಲಹೆಗಾರನನ್ನಾಗಿ ಮಾಡಿದರು. ಅಂದರೆ ಸಭೆಯಲ್ಲಿ ಅಧ್ಯಕ್ಷರ ಪಕ್ಕದ ಕುರ್ಚಿ, ಪೂಜೆಯಲ್ಲಿ ಎರಡನೆಯ ಹಾರ. ಸಲಹೆ ಎಂಬುದು ಆ ಪದವಿಯ ಕರ್ತವ್ಯಗಳಲ್ಲಿ ಸೇರಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಅಕ್ಕೋರು ಕೇಳಿದ್ದು ಒಂದೇ. ಬಾಗಿಲ ಮುಂದೆ ಅಗಲವಾದ ಛಜ್ಜಾ ಬೇಕು. ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರು ಮಳೆಯಲ್ಲಿ ನೆನೆಯಬಾರದು, ಮಕ್ಕಳು ಚಪ್ಪಲಿ ಬಿಡಲು ಒಣ ಜಾಗ ಇರಬೇಕು. ಕಂಬ ಕೊಟ್ಟರೆ ಮಕ್ಕಳು ಓಡಾಡುವಾಗ ಹಣೆ ಬಡಿದುಕೊಳ್ಳುತ್ತಾರೆ ಎಂದು ಕಂಬ ಬೇಡ ಅಂದರು. ಸರಿ ಎಂದೆ. ಕಂಬವಿಲ್ಲದೆ ಮುಂದಕ್ಕೆ ಚಾಚಿದ ಛಜ್ಜಾ ಕಟ್ಟುವುದು ದೊಡ್ಡ ಮಾತಲ್ಲ, ಒಂದು ವಿಷಯ ನೆನಪಿಟ್ಟರೆ.

ಆ ಒಂದು ವಿಷಯವನ್ನೇ ನಾನು ಜೀವಮಾನವಿಡೀ ಕಲಿಸಿದ್ದು. ಕಾಂಕ್ರೀಟಿನ ಮೇಲೆ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಎಳೆದರೆ ಮಾತ್ರ ಹಪ್ಪಳದ ಹಾಗೆ ಮುರಿಯುತ್ತದೆ. ಎಳೆತ ತಡೆಯಲಿಕ್ಕೆ ಒಳಗೆ ಉಕ್ಕಿನ ರಾಡು ಇಡುತ್ತೇವೆ. ಆದರೆ ಇಟ್ಟರೆ ಆಗಲಿಲ್ಲ, ಕಾಂಕ್ರೀಟು ಅದನ್ನು ಹಿಡಿಯಬೇಕು. ಮೊಳೆ ಇಲ್ಲ, ಬೆಸುಗೆ ಇಲ್ಲ. ಹಸಿ ಸಿಮೆಂಟು ರಾಡಿನ ಮೈಗೆ ಅಂಟಿ, ಒಣಗುತ್ತ ಕುಗ್ಗಿ, ಅದರ ಗೀರುಗಳಲ್ಲಿ ಹೊಕ್ಕು ಬಿಗಿಯಬೇಕು. ಆ ಹಿಡಿತ ಇದ್ದರೆ ಎರಡೂ ಸೇರಿ ಒಂದು ವಸ್ತು. ಇಲ್ಲದಿದ್ದರೆ ಅದು ಕಲ್ಲೊಳಗೆ ಸಿಕ್ಕಿಕೊಂಡ ಕಬ್ಬಿಣ, ಅಷ್ಟೇ. ತರಗತಿಯಲ್ಲಿ ಇದನ್ನು ವರ್ಷವೂ ದಾಂಪತ್ಯಕ್ಕೆ ಹೋಲಿಸುತ್ತಿದ್ದೆ. ವರ್ಷವೂ ಹಿಂದಿನ ಬೆಂಚಿನವರು ಮಾತ್ರ ನಗುತ್ತಿದ್ದರು. ಛಜ್ಜಾದ ವಿಷಯಕ್ಕೆ ಬಂದರೆ ಅದಕ್ಕೆ ಕೆಳಗೆ ಆಧಾರವೇ ಇಲ್ಲ. ಮೇಲ್ಭಾಗದ ರಾಡುಗಳು ಹಿಂದಿನ ಸ್ಲ್ಯಾಬಿನೊಳಗೆ ಕೈ ಚಾಚಿ ಹಿಡಿದುಕೊಂಡಿರುತ್ತವೆ. ಹಿಡಿದರೆ ನಿಂತಿತು, ಬಿಟ್ಟರೆ ಬಿತ್ತು.

ಆ ವರ್ಷ ಮಳೆ ಹೋಗುವ ಲಕ್ಷಣವೇ ಕಾಣಲಿಲ್ಲ. ಗೋಡೆ ಎದ್ದವು, ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊರುವ ಸೆಂಟ್ರಿಂಗ್ ತಗಡು ಹಾಸಿದರು, ಅದರ ಮೇಲೆ ರಾಡು ಕಟ್ಟಿ ಮುಗಿಸಿದರು. ಸ್ಲ್ಯಾಬು ಹಾಕಬೇಕೆಂದ ದಿನ ಮಳೆ. ಮತ್ತೊಂದು ದಿನ ನಿಶ್ಚಯ ಮಾಡಿದರೆ ಅಂದೂ ಮಳೆ. ಗಣಪತಿ ಬಂದು ಹೋದ, ಪಿತೃಪಕ್ಷ ಬಂತು, ಪಿತೃಪಕ್ಷದಲ್ಲಿ ಶುಭಕೆಲಸ ಬೇಡ ಅಂದರು. ಮಳೆಗೆ ಮಾತ್ರ ಪಿತೃಪಕ್ಷದ ನಿಷೇಧ ಇರಲಿಲ್ಲ. ಅಷ್ಟರಲ್ಲಿ ರಾಡು ಕೆಂಪಗಾದವು.

ಸಭೆ ಕರೆದರು. ಅಡಿವೆಪ್ಪನವರಿಗೆ ಕೆಂಪು ರಾಡು ಮಾನದ ಪ್ರಶ್ನೆಯಾಗಿತ್ತು. ಹೋಗುವವರು ಬರುವವರು ನಿಂತು ನೋಡಿ, ಸಮಿತಿ ತುಕ್ಕು ಹಿಡಿದ ಮಾಲು ತಂದಿದೆ ಅನ್ನುತ್ತಾರಂತೆ. ತೆಳು ತುಕ್ಕಿನಿಂದ ಏನೂ ಆಗುವುದಿಲ್ಲ, ಪದರು ಎದ್ದದ್ದಿದ್ದರೆ ತಂತಿ ಬ್ರಶ್ಶಿನಿಂದ ಉಜ್ಜಿದರೆ ಸಾಕು, ಮೈ ತುಸು ಒರಟಾದರೆ ಹಿಡಿತಕ್ಕೆ ಒಳ್ಳೆಯದೇ ಎಂದು ನಾನು ಹೇಳಿದೆ. ಸಭೆ ನನ್ನನ್ನು, ಕಾಮಾಲೆಯಾದರೆ ಮುಖಕ್ಕೆ ಕಳೆ ಬರುತ್ತದೆ ಎಂದ ವೈದ್ಯನನ್ನು ನೋಡುವ ಹಾಗೆ ನೋಡಿತು. "ಮಾಸ್ತರಗ ವಯಸ್ಸಾತು" ಎಂದು ಹಿಂದಿನಿಂದ ಯಾರೋ ಅಂದರು. ದನಿ ತಗ್ಗಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ದಸರೆ ಬಂತು, ಮಳೆ ನಿಂತಿತು. ವಿಜಯದಶಮಿಗೆ ಪಂಚಾಂಗ ನೋಡಬೇಕಿಲ್ಲ, ಇಡೀ ದಿನವೇ ಮುಹೂರ್ತ. ಅಂದು ಬೆಳಿಗ್ಗೆ ಸ್ಲ್ಯಾಬು ಎಂದು ಗೊತ್ತಾಯಿತು. ಅದರ ಹಿಂದಿನ ದಿನ ಖಂಡೇಪೂಜೆ. ನಮ್ಮ ಕಡೆ ಅದು ಕಬ್ಬಿಣದ ಹುಟ್ಟುಹಬ್ಬ. ಟ್ರ್ಯಾಕ್ಟರಿನಿಂದ ಹಿಡಿದು ಅಡಿಗೆಮನೆಯ ಈಳಿಗೆಯವರೆಗೆ ಎಲ್ಲವನ್ನೂ ತೊಳೆದು, ಒರಸಿ, ಎಣ್ಣೆ ಹಚ್ಚಿ, ವಿಭೂತಿ ಕುಂಕುಮ ಏರಿಸಿ, ಕಾಯಿ ಒಡೆಯುತ್ತಾರೆ. ನನ್ನ ಸ್ಕೂಟರಿಗೂ ಅಂದು ಚೆಂಡುಹೂವಿನ ಹಾರ ಬೀಳುತ್ತದೆ. ನನಗೆ ಈ ಹಬ್ಬದ ಮೇಲೆ ಯಾವ ತಕರಾರೂ ಇರಲಿಲ್ಲ. ಆ ದಿನದ ಸಂಜೆಯವರೆಗೆ.

ಸಂಜೆ, ನಾಳೆಯ ಕೆಲಸದ ಮೊದಲು ಒಮ್ಮೆ ನೋಡಿಬರೋಣ ಎಂದು ಕಟ್ಟಡಕ್ಕೆ ಹೋದೆ. ನಿಚ್ಚಣಿಕೆಯ ಅರ್ಧ ಏರುವಷ್ಟರಲ್ಲಿ ವಾಸನೆ ಬಂತು. ಮೇಲೆ ಹೋಗಿ ನೋಡುತ್ತೇನೆ: ಇಡೀ ಮಾಳಿಗೆಯ ರಾಡು, ಛಜ್ಜಾದ ರಾಡು, ಒಂದೂ ಬಿಡದೆ, ಕರ್ರಗೆ ಮಿರಮಿರ ಮಿಂಚುತ್ತಿವೆ. ಮೂಲೆಮೂಲೆಗೆ ಹೂ. ನಡುವೆ ಒಡೆದ ಕಾಯಿ. ಒಂದು ರಾಡು ಮುಟ್ಟಿ ನೋಡಿದೆ, ಬೆರಳು ಜಾರಿತು. ಗೀರುಗಳೆಲ್ಲ ಎಣ್ಣೆಯಿಂದ ತುಂಬಿ ಮೈ ನುಣ್ಣಗಾಗಿತ್ತು. ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ನಾನು ನಮ್ಮ ಓಣಿಯಲ್ಲಿ ಅದರ ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಿಲ್ಲ.

ಕೆಳಗೆ ಅಡಿವೆಪ್ಪನವರು ಚುರುಮರಿ ಹಂಚುತ್ತಿದ್ದರು. ಶಾಂತಾ ಅಕ್ಕೋರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಗುತ್ತಿಗೆದಾರ ಮಾರುತಿ ಹಣೆಗೆ ಕುಂಕುಮ ಹಚ್ಚಿಕೊಂಡು ಮಿಕ್ಸರಿಗೆ ಒರಗಿದ್ದ. ಇದು ಯಾರ ಕೆಲಸ ಎಂದು ಕೇಳಿದೆ. ಅಡಿವೆಪ್ಪನವರ ಮುಖ ಅರಳಿತು.

"ನಾನ ಹೇಳಿ ಮಾಡಿಸಿದೆ ಮಾಸ್ತರ. ಕಬ್ಬಿಣ ಒಣಾ ಒಣಾ ಇಟ್ಟು ಪೂಜಿ ಮಾಡತಾರೇನ್ರಿ? ನಮ್ಮ ಮುಗದದಾಗ ಕುಡಗೋಲಿಂದ ಹಿಡದು ಕುಂಟಿ ತನಕ ಎಲ್ಲಾಕ್ಕೂ ಎಣ್ಣಿ ಹಚ್ಚತೀವಿ. ಈಗ ನೋಡ್ರಿ, ತುಕ್ಕಿನ ಮಾತ ಇಲ್ಲ."

ನನ್ನ ನೆತ್ತಿ ಕಾದಿತ್ತು, ಆದರೂ ಪಾಠದ ದನಿಯಲ್ಲೇ ಕೇಳಿದೆ. "ಅಡಿವೆಪ್ಪನ್ನವರ, ಕುಡಗೋಲಿನ ಹಿಡಿಕಿಗೆ ಎಣ್ಣಿ ಹಚ್ಚಿ ಹೊಲಕ್ಕ ಹೋಗತೀರೇನು?"

"ಛೇ, ಹಿಡಿಕಿಗೆ ಹಚ್ಚಿದ್ರ ಕೈ ಜಾರತೈತಲ್ರಿ."

"ಇಲ್ಲಿ ರಾಡು ಪೂರಾ ಹಿಡಿಕಿನ. ಕಾಂಕ್ರೀಟು ಅದನ್ನ ಹಿಡೀಬೇಕು."

ಅವರು ನಕ್ಕರು. ಕಾಂಕ್ರೀಟಿಗೆ ಕೈ ಎಲ್ಲಿವೆ ಎಂಬ ಅರ್ಥದ ನಗೆ. ಸುತ್ತ ನಿಂತವರೂ ನಕ್ಕರು. ಅಧ್ಯಕ್ಷರು ನಕ್ಕಾಗ ಚುರುಮರಿ ಬಾಯಲ್ಲಿದ್ದರೂ ನಗಬೇಕಾಗುತ್ತದೆ.

ಅಡಿವೆಪ್ಪನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರಿಗೆ ಗೊತ್ತಿರಲಿಲ್ಲ. ಮಾರುತಿಗೆ ಗೊತ್ತಿತ್ತು. ಆ ಎಣ್ಣೆ ಬಂದದ್ದೇ ಅವನ ಬ್ಯಾರಲ್ಲಿನಿಂದ. ಸೆಂಟ್ರಿಂಗ್ ತಗಡಿಗೆ ಬಳಿಯಲು ಗ್ಯಾರೇಜುಗಳಿಂದ ತಂದಿಟ್ಟ ಸುಟ್ಟ ಎಣ್ಣೆ. ಅವನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

"ಮಾರುತಿ, ತಗಡಿಗೆ ಎಣ್ಣಿ ಯಾಕ ಹಚ್ಚತಿ?"

"ಕಾಂಕ್ರೀಟು ಹಿಡ್ಕೋಬಾರದಂತ್ರಿ ಸರ. ಬಿಚ್ಚೂ ಮುಂದ ಸುಮ್ಮನ ಬರಬೇಕು."

"ರಾಡಿಗೆ ಹಚ್ಚಿದ್ದು ಯಾವ ಎಣ್ಣಿ?"

ಬ್ಯಾರಲ್ಲಿನ ಕಡೆ ನೋಡಿದ. "ಅದ ಎಣ್ಣಿರಿ."

"ಹಂಗಾರ ರಾಡು ಏನ ಮಾಡತಾವು?"

ಮಾರುತಿ ಮಿಕ್ಸರಿನ ಚಕ್ರವನ್ನು ಬಗ್ಗಿ ನೋಡತೊಡಗಿದ. ಚಕ್ರದಲ್ಲಿ ಏನೂ ಇರಲಿಲ್ಲ. ಆರತಿ ತಟ್ಟೆಯ ದೀಪ ಗಾಳಿಗೆ ಆರಿತು. ಶಾಂತಾ ಅಕ್ಕೋರು ಅದನ್ನು ಮತ್ತೆ ಹಚ್ಚಲಿಲ್ಲ, ಮಾರುತಿಯನ್ನೇ ನೋಡುತ್ತಿದ್ದರು.

ಪೂರ್ತಿ ಬೇಡ, ಛಜ್ಜಾದ ರಾಡನ್ನಾದರೂ ಬಿಚ್ಚಿ ಬೇರೆ ಕಟ್ಟಿರಿ, ಎರಡು ದಿನ ತಡವಾದರೆ ಆಕಾಶ ಬೀಳುವುದಿಲ್ಲ ಎಂದೆ. ಕೂಲಿಯವರು ದಶಮಿ ಮಧ್ಯಾಹ್ನವೇ ಊರಿಗೆ ಹೊರಡುತ್ತಾರೆ, ದೀಪಾವಳಿಯವರೆಗೆ ಬರುವುದಿಲ್ಲ ಎಂದರು. ಅಷ್ಟೇ ಆಗಿದ್ದರೆ ವಾದ ಮಾಡಬಹುದಿತ್ತು. ಅಡಿವೆಪ್ಪನವರು ಕೊನೆಯ ಮಾತು ಆಡಿದರು: ಪೂಜೆ ಮಾಡಿದ ಕಬ್ಬಿಣವನ್ನು ಬಿಚ್ಚಬಾರದು. ಸುತ್ತ ನಿಂತವರೆಲ್ಲ ತಲೆದೂಗಿದರು. ಅದಕ್ಕೆ ಕಟ್ಟಡ ಕಟ್ಟುವ ಯಾವ ನಿಯಮಪುಸ್ತಕದಲ್ಲೂ ಉತ್ತರ ಬರೆದಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಿಕ್ಸರು ತಿರುಗುತ್ತಿತ್ತು. ನನ್ನ ಮಾತಿಗೆ ಗೌರವ ಕೊಡುವ ಸಲುವಾಗಿ ರಾಡುಗಳನ್ನು ಗೋಣಿಚೀಲದಿಂದ ಒರಸಿಸಿದ್ದರು. ಹಿಂದಿನ ದಿನ ಎಣ್ಣೆ ಸರಿಯಾಗಿ ತಾಗದೆ ಉಳಿದ ಜಾಗಗಳಿಗೂ ಈಗ ಸಮನಾಗಿ ತಾಗಿತ್ತು. ನಾನು ನಿಚ್ಚಣಿಕೆಯ ಬುಡದಲ್ಲಿ ನಿಂತು ಕೂಗಾಡಿದೆ. ಯಾರೂ ನನ್ನನ್ನು ತಳ್ಳಲಿಲ್ಲ, ಎದುರು ಮಾತಾಡಲಿಲ್ಲ. ಒಂದು ಕುರ್ಚಿ ತಂದಿಟ್ಟರು. ಮನುಷ್ಯನ ಬಾಯಿ ಮುಚ್ಚಿಸುವ ಅತ್ಯಂತ ಮರ್ಯಾದಸ್ಥ ವಿಧಾನ ಅದು. ಕುರ್ಚಿ ಆದ ಮೇಲೆ ಚಹಾ ಬಂತು. ಕಾಂಕ್ರೀಟಿನ ಬುಟ್ಟಿಗಳು ನನ್ನನ್ನು ಸುತ್ತುಹಾಕಿ, ಕಾಕಾ ತುಸು ಸರೀರಿ ಎನ್ನುತ್ತ ಮೇಲೆ ಹೋದವು. ನಾನು ಸಲಹೆಗಾರನ ಪದವಿಗೆ ಅಲ್ಲಿಯೇ ರಾಜೀನಾಮೆ ಕೊಟ್ಟೆ. ಯಾರೂ ಗಮನಿಸಲಿಲ್ಲ. ಆ ಪದವಿ ಇದ್ದಾಗಲೂ ಯಾರೂ ಗಮನಿಸಿರಲಿಲ್ಲ.

ಸಂಜೆ ಓಣಿಯೆಲ್ಲ ಬಂಗಾರವೆಂದು ಬನ್ನಿ ಎಲೆ ಹಂಚುವ ಸಡಗರ. ನಮ್ಮಲ್ಲಿ ಬನ್ನಿ ಕೊಡಲು ಬಂದವನನ್ನು ಹಿಂದಕ್ಕೆ ಕಳಿಸುವ ಹಾಗಿಲ್ಲ, ಕೋರ್ಟಿನಲ್ಲಿ ನಿಮ್ಮ ಮೇಲೆ ದಾವೆ ಹೂಡಿದವನಾದರೂ. ಇದು ಗೊತ್ತಿದ್ದೇ ಅಡಿವೆಪ್ಪನವರು ರೇಷ್ಮೆ ಅಂಚಿನ ಧೋತ್ರ ಉಟ್ಟು ಬಂದರು. ಬನ್ನಿ ಕೈಗಿಟ್ಟು, ಬೇಡವೆನ್ನುವ ಮೊದಲೇ ಕಾಲು ಮುಟ್ಟಿದರು.

"ಸಿಟ್ಟು ಬಿಡ್ರಿ ಮಾಸ್ತರ. ಬಂಗಾರದಂಗ ಇರೂಣು."

"ಇರೂಣ್ರಿ. ಮಕ್ಕಳನ ಮಾತ್ರ ಅದರ ಕೆಳಗ ಕರಕೊಂಡು ಹೋಗಬ್ಯಾಡ್ರಿ."

ಹೆಂಡತಿ ಒಳಗಿನಿಂದ ನನ್ನನ್ನು ದುರುಗುಟ್ಟಿದಳು. ಹಬ್ಬದ ದಿನ, ಮನೆಗೆ ಬಂದವರ ಮುಂದೆ. ಅಡಿವೆಪ್ಪನವರು ನೊಂದುಕೊಂಡು ಹೋಳಿಗೆ ತಿಂದು ಹೋದರು.

ಚಳಿಗಾಲದ ಹೊತ್ತಿಗೆ ಸೆಂಟ್ರಿಂಗ್ ಬಿಚ್ಚಿದರು. ಸ್ಲ್ಯಾಬು ನಿಂತಿತು. ಅದಕ್ಕೆ ಸುತ್ತ ಗೋಡೆಗಳ ಆಸರೆ ಇತ್ತು, ಮೇಲೆ ಭಾರವೇನೂ ಇರಲಿಲ್ಲ. ಛಜ್ಜಾ ತುದಿಯಲ್ಲಿ ತುಸು ತಲೆ ಬಾಗಿಸಿತು. ಗೋಡೆಗೆ ಸೇರುವಲ್ಲಿ, ಮೇಲ್ಮೈಯಲ್ಲಿ, ಕೂದಲೆಳೆಯ ಗೀರು. ಗಿಲಾವಿನವನು ಅದರ ಮೇಲೆ ಸಿಮೆಂಟು ಬಳಿದು ಕಣ್ಣಿಗೆ ನೆಟ್ಟಗೆ ಕಾಣುವ ಹಾಗೆ ಮಾಡಿದ. ನಾನು ಸಮಿತಿಗೆ ಹೋಗಿ ಮತ್ತೆ ಹೇಳಿದೆ, ಆ ಗೀರು ಬರಬಾರದ ಜಾಗದಲ್ಲಿ ಬಂದಿದೆ ಎಂದು. ಬಿದ್ದಿಲ್ಲವಲ್ಲ ಎಂದರು. ಬಿದ್ದ ಮೇಲೆ ಹೇಳಲು ಎಂಜಿನಿಯರು ಬೇಕಿಲ್ಲ ಎಂದೆ. ಮಾಸ್ತರಿಗೆ ಕಟ್ಟಡ ಬೀಳುವ ಆಸೆ ಇದೆ ಎಂದು ಓಣಿಯಲ್ಲಿ ಸುದ್ದಿಯಾಯಿತು.

ಉದ್ಘಾಟನೆಗೆ ಶಾಮಿಯಾನ ಹಾಕಿದರು. ಭಾಷಣಗಳಾದವು. ರಿಬ್ಬನ್ನು ಕತ್ತರಿಸಿ, ಮಕ್ಕಳನ್ನು ಒಳಗೆ ಕರೆತನ್ನಿ ಎಂದು ಅಡಿವೆಪ್ಪನವರು ಮೈಕಿನಲ್ಲಿ ಹೇಳಿದರು. ಶಾಂತಾ ಅಕ್ಕೋರು ಮಕ್ಕಳನ್ನು ಬಿಸಿಲಲ್ಲೇ ಸಾಲಾಗಿ ನಿಲ್ಲಿಸಿ ಪ್ರಾರ್ಥನೆ ಹಾಡಿಸಿದರು. ಹಾಡು ಮುಗಿದ ಮೇಲೆ ಎಲ್ಲರಿಗೂ ಕೈಮುಗಿಸಿ, ಅದೇ ಸಾಲಿನಲ್ಲಿ ತಿರುಗಿಸಿ, ಗುಡಿಯ ಪೌಳಿಗೆ ಕರೆದುಕೊಂಡು ಹೋದರು. ಹಾರ್ಮೋನಿಯಂನವನು ಏನು ಮಾಡಬೇಕೆಂದು ತಿಳಿಯದೆ ಇನ್ನೊಮ್ಮೆ ಬಾರಿಸಿದ.

ಆಮೇಲೆ ಅಕ್ಕೋರನ್ನು ಎಲ್ಲರೂ ಸೇರಿ ಹಿಂಡಿದರು. ಬೇರೆ ಟೀಚರನ್ನು ತರುತ್ತೇವೆ ಎಂದರು. ಊರು ಕಟ್ಟಿಸಿಕೊಟ್ಟದ್ದನ್ನು ಕಾಲಲ್ಲಿ ಒದ್ದಳು ಎಂದರು. ಕೆಲವು ತಾಯಂದಿರೂ ಮುನಿಸಿಕೊಂಡು ಮಕ್ಕಳನ್ನು ಬಿಡಿಸಿದರು. ಮುಂದೆ ಮಳೆಗಾಲ ಬರುತ್ತದೆ, ಮತ್ತೆ ಆ ಪೌಳಿಯಲ್ಲಿ ಕೊಡೆ ಹಿಡಿದು ನಿಲ್ಲುತ್ತೀರಾ ಎಂದು ಕೇಳಿದರು. ಹೌದು, ನಿಲ್ಲುತ್ತೇನೆ ಅಂದರಂತೆ.

ನನಗೆ ತಡೆಯಲಿಲ್ಲ. ಒಂದು ದಿನ ಪೌಳಿಗೆ ಹೋಗಿ, ನನ್ನ ಮಾತು ನಂಬಿ ನೀವು ಇಷ್ಟೆಲ್ಲ ಅನುಭವಿಸುತ್ತಿದ್ದೀರಿ ಎಂದೆ. ಅವರು ಒಂದು ಮಗುವಿನ ಮೂಗು ಒರಸುತ್ತಿದ್ದರು.

"ಇಲ್ರಿ ಮಾಸ್ತರ. ನೀವು ಹೇಳಿದ್ದು ನಂಗ ಅಷ್ಟು ತಿಳೀಲಿಲ್ಲ. ಆದ್ರ ಅವತ್ತ ಮಾರುತಿ ಉತ್ತರ ಕೊಡಲಿಲ್ಲ ನೋಡ್ರಿ, ಅದು ಚೊಲೋ ತಿಳೀತು."

ಮುಂದಿನ ಮಳೆಗಾಲ ಜೋರಾಗಿತ್ತು. ಛಜ್ಜಾದ ಮೇಲಿನ ನೀರು ಹೋಗುವ ಕೊಳವೆಯಲ್ಲಿ ಬೇವಿನ ಎಲೆ ಸಿಕ್ಕಿಕೊಂಡು, ನೀರು ಮೇಲೆ ನಿಂತಿತು. ಒಂದು ಮಧ್ಯಾಹ್ನ, ತಾಯಂದಿರು ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತು, ಲಾರಿಯಿಂದ ಕಲ್ಲು ಸುರಿದಂಥ ಸದ್ದಾಯಿತು. ಮನೆಯಿಂದ ಓಡಿದೆ. ಛಜ್ಜಾ ಇಡಿಯಾಗಿ ಕಿತ್ತು ಬಂದು ಮೆಟ್ಟಿಲ ಮೇಲೆ ಬಿದ್ದಿತ್ತು. ರಾಡು ಒಂದೂ ತುಂಡಾಗಿರಲಿಲ್ಲ. ಒರೆಯಿಂದ ಕತ್ತಿ ಎಳೆದ ಹಾಗೆ ಸ್ಲ್ಯಾಬಿನಿಂದ ಜಾರಿ ಬಂದಿದ್ದವು. ಮೈಮೇಲೆ ಸಿಮೆಂಟಿನ ಕಣವಿಲ್ಲ. ಅವು ಇದ್ದ ತೂತುಗಳು ಗೋಡೆಯ ಮೇಲೆ ಸಾಲಾಗಿ ಕಾಣುತ್ತಿದ್ದವು. ಪೌಳಿಯಲ್ಲಿ ಅಕ್ಕೋರು ಮಕ್ಕಳನ್ನು ಗೋಡೆಗೆ ಒತ್ತಿ ಕೂಡಿಸಿ, ಕೊಡೆ ಹಿಡಿದು ನಿಂತಿದ್ದರು. ತಾಯಂದಿರು ಅಲ್ಲಿಗೆ ಬಂದು ನೆನೆಯುತ್ತ ನಿಂತಿದ್ದರು.

ಓಣಿ ಸೇರಿತು. ಅಡಿವೆಪ್ಪನವರು ಬಂದು ನೋಡಿ, ಬೆವರು ಒರಸಿಕೊಂಡು, ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ ಎಂದರು. ಎಲ್ಲರೂ ಗುಡಿಯ ಕಡೆ ಕೈಮುಗಿದರು. ಸಂಜೆ ಕಾಯಿಯೂ ಒಡೆದರು. ನನಗೆ ಆ ಎಣ್ಣೆಗಿಂತ ಈ ಕಾಯಿಯ ಮೇಲೆ ಹೆಚ್ಚು ಸಿಟ್ಟು. ಬೈಸಿಕೊಂಡು, ಬಾಲವಾಡಿಯ ಕೆಲವು ಮಕ್ಕಳು ಬಿಟ್ಟು ಹೋಗುವುದನ್ನು ಸಹಿಸಿ, ಮಳೆಯಲ್ಲಿ ನಿಂತು ಆ ಬಾಗಿಲ ಮುಂದೆ ಯಾರೂ ಇರದ ಹಾಗೆ ನೋಡಿಕೊಂಡದ್ದು ಒಬ್ಬ ಹೆಂಗಸು. ಅವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ. ನಾನು ಹೇಳಿದೆ, ಜೋರಾಗಿ, ಎಲ್ಲರ ಮುಂದೆ. ಕುರ್ಚಿ ತಂದಿಟ್ಟರು.

ಒಳಗಿನ ಸ್ಲ್ಯಾಬೂ ಅದೇ ಎಣ್ಣೆಯದು, ಒಡೆದು ಹೊಸದಾಗಿ ಹಾಕಿರಿ ಎಂದು ಸಭೆಯಲ್ಲಿ ಕೇಳಿದೆ. ಅಕ್ಕೋರೂ ಬಂದು ಅದನ್ನೇ ಕೇಳಿದರು. ಸಭೆ ಒಪ್ಪಲಿಲ್ಲ. ಮಾರುತಿ ಬಿದ್ದ ಛಜ್ಜಾವನ್ನು ಒಡೆಸಿ ಸಾಗಿಸಿ, ತೂತುಗಳನ್ನು ಮುಚ್ಚಿ, ಗೋಡೆಗೆ ಸುಣ್ಣ ಹೊಡೆಸಿದ. ಅವನಿಗೆ ನಮ್ಮ ಓಣಿಯಲ್ಲಿ ಆಮೇಲೂ ಎರಡು ಮನೆ ಕೆಲಸ ಸಿಕ್ಕಿತು.

ಆ ಕಟ್ಟಡದಲ್ಲಿ ಈಗ ಸಮಿತಿಯ ಕುರ್ಚಿಗಳನ್ನೂ ಶಾಮಿಯಾನವನ್ನೂ ಇಡುತ್ತಾರೆ. ಬಾಲವಾಡಿ ಗುಡಿಯ ಪೌಳಿಯಲ್ಲಿ ನಡೆಯುತ್ತದೆ.